ಮುಳ್ಳುಹಂದಿಗೆ ಸನ್ಮಾನ

ಕುರುಡು ಮುಳ್ಳುಹಂದಿಯೊಂದು ದಿನವೂ ಬಿಲದಿಂದ ಕೆರೆಯವರೆಗೆ ಕಲ್ಲಿನ ಸಾಲನ್ನು ತಡವುತ್ತ ಹೋಗಿ ನೀರು ಕುಡಿದು ಬರುತ್ತಿತ್ತು. ಕಣ್ಣಿಲ್ಲದವರಿಗೆಂದು ಕಾಡಿನ ಸಭೆಯೇ ಹಾಕಿಸಿಕೊಟ್ಟ ಕಲ್ಲುಗಳವು. ಎರಡು ದಿನದಿಂದ ಒಂದು ಕಲ್ಲೂ ಕಾಲಿಗೆ ಸಿಗದೆ, ಅದು ಬಾಯಾರಿ ಬಿಲದ ಸುತ್ತಲೇ ಸುತ್ತುತ್ತಿತ್ತು.

ಆಗ ನರಿ ಬಂದು, "ಬಾ ಅಕ್ಕಾ, ನವಿಲು ಸಾಹೇಬರು ಬಂದಿದ್ದಾರೆ. ಕುರುಡರಿಗೆ ಒಂದು ಕೊಡ ನೀರು ದಾನ ಮಾಡುತ್ತಾರೆ. ಕಾಡಿಗೆ ಕಾಡೇ ಸೇರಿದೆ," ಎಂದು ಕರೆದೊಯ್ದು ವೇದಿಕೆ ಹತ್ತಿಸಿತು.

ನವಿಲು ಗರಿ ಬಿಚ್ಚಿತು. ಚಪ್ಪಾಳೆ ಬಿತ್ತು. ಹೊದಿಸಹೋದ ಶಾಲು ಮುಳ್ಳಿಗೆ ಸಿಕ್ಕಿ ಹರಿಯಿತು.

"ಪರವಾಗಿಲ್ಲ, ಸ್ವಲ್ಪ ನಗು ತಾಯಿ. ಎಲ್ಲರೂ ನೋಡುತ್ತಿದ್ದಾರೆ," ಎಂದಿತು ನವಿಲು.

ಮುಳ್ಳುಹಂದಿ ನಗಲಿಲ್ಲ. ಕಾಲಡಿಯ ಕಲ್ಲನ್ನು ಮೂಸಿತು, ಪಕ್ಕದ್ದನ್ನೂ ಮೂಸಿತು. ಅವು ತಾನು ದಿನವೂ ಮುಟ್ಟಿಕೊಂಡು ನಡೆಯುತ್ತಿದ್ದ ಕಲ್ಲುಗಳೇ ಆಗಿದ್ದವು.

"ಈ ಕಲ್ಲು ಎಲ್ಲಿಂದ ತಂದಿರಿ?"

"ಕೆರೆ ದಾರಿಯಲ್ಲಿ ಸುಮ್ಮನೆ ಬಿದ್ದಿದ್ದವು," ಎಂದಿತು ನರಿ. "ಈಗೇಕೆ ಅದೆಲ್ಲ? ಮೊದಲು ನೀರು ಕುಡಿ."

"ಇವತ್ತು ಕುಡಿದರೆ ನಾಳೆ?"

"ಮುಂದಿನ ವರ್ಷವೂ ಬರುತ್ತೇನಲ್ಲ!" ಎಂದಿತು ನವಿಲು.

ಮುಳ್ಳುಹಂದಿ ಕೊಡದಲ್ಲಿದ್ದ ನೀರನ್ನು ಪೂರ್ತಿ ಕುಡಿಯಿತು. ಮುಂದಿನ ಕೆಲಸಕ್ಕೆ ಕಸುವು ಬೇಕಿತ್ತು. ಆಮೇಲೆ ಮುಳ್ಳು ನಿಮಿರಿಸಿಕೊಂಡು ವೇದಿಕೆಯ ಅಂಚಿನ ಕಲ್ಲನ್ನು ಕಿತ್ತು ಕೆಳಗುರುಳಿಸಿತು. ತಡೆಯಹೋದ ನರಿ ಮೂತಿ ಚುಚ್ಚಿಸಿಕೊಂಡು ಹಿಂದೆ ಸರಿಯಿತು.

"ಕಾರ್ಯಕ್ರಮ ಮುಗಿಯಲಿ ತಾಯಿ!" ಎಂದು ನವಿಲು ಕೂಗಿತು.

"ಮುಗಿಯಿತು ಸ್ವಾಮಿ. ಇಳಿಯಿರಿ, ನೀವು ನಿಂತಿರುವುದು ನನ್ನ ದಾರಿಯ ಮೇಲೆ," ಎಂದು ಮುಳ್ಳುಹಂದಿ ಎರಡನೆಯ ಕಲ್ಲಿಗೆ ಕೈಹಾಕಿತು.