ಕಾಗದದ ಮೇಲೆ ನಿಂತ ನೀರು

ಫಿಲ್ಟರ್ ಕಾಗದದಲ್ಲಿ ಪುಡಿ ಹಾಕಿ, ಮೇಲಿಂದ ಬಿಸಿನೀರು ಸುರಿದು ಕಾಫಿ ಇಳಿಸುವುದನ್ನು ಹೊಸದಾಗಿ ಕಲಿತ ಬೋಜಮ್ಮ, ಬೀಜ ಪುಡಿಮಾಡಲು ಎರಡು ಕೈಗ್ರೈಂಡರ್‌ಗಳನ್ನು ತಂದಳು, ಒಂದು ಸ್ಟೀಲಿನದು, ಇನ್ನೊಂದು ಮರದ್ದು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಅಂಗಡಿಗೆ ಮರಳಿಸುವುದೆಂದು ಮಾತಾಗಿತ್ತು.

ಸ್ಟೀಲಿನ ಗ್ರೈಂಡರ್ ಮರದ ಗ್ರೈಂಡರನ್ನು ಕೇಳಿತು: "ನಿನ್ನ ಪುಡಿ ಹೇಗಿರುತ್ತದೆ?"

"ಉಪ್ಪಿಟ್ಟಿನ ರವೆಯ ಹಾಗೆ."

"ಛೀ, ರವೆಯೇ! ಈ ಮನೆಯ ಹಿತ್ತಾಳೆ ಫಿಲ್ಟರ್ ಮೂವತ್ತು ವರ್ಷದಿಂದ ನುಣ್ಣನೆಯ ಪುಡಿ ಕಂಡಿದೆ. ನಾನು ಅದಕ್ಕಿಂತಲೂ ನುಣ್ಣಗೆ, ಮುಖಕ್ಕೆ ಹಚ್ಚುವ ಪೌಡರಿನಂತೆ ಅರೆಯುತ್ತೇನೆ."

"ಇಲ್ಲಿ ಸೋಸುವುದು ಹಿತ್ತಾಳೆಯಲ್ಲ, ಕಾಗದ. ನಿನ್ನ ತಳದ ತಿರುಪನ್ನು ತುಸು ಸಡಿಲಿಸಿಕೋ, ಪುಡಿ ತರಿಯಾಗುತ್ತದೆ."

"ನಾನು ಸಡಿಲವಾಗಬೇಕೇ? ಸಾಧ್ಯವೇ ಇಲ್ಲ."

ಬೋಜಮ್ಮ ಮೊದಲು ಮರದ ಗ್ರೈಂಡರಿನ ಪುಡಿಗೆ ನೀರು ಸುರಿದಳು. ಮೂರು ನಿಮಿಷದಲ್ಲಿ ಕಾಫಿ ಇಳಿಯಿತು. ಆಮೇಲೆ ಸ್ಟೀಲಿನದರ ಪುಡಿಗೆ ಸುರಿದಳು. ನೀರು ಕೆಸರಾಗಿ ನಿಂತುಬಿಟ್ಟಿತು.

"ಅಯ್ಯೋ, ಇದೇನಿದು, ಇಳಿಯುವುದೇ ಇಲ್ಲವಲ್ಲ!" ಎಂದು ತಿರುಪಿಗೆ ಕೈಹಾಕಿದಳು. ಸ್ಟೀಲಿನ ಗ್ರೈಂಡರ್ ಹಲ್ಲು ಕಚ್ಚಿ ಹಿಡಿಯಿತು, ತಿರುಪು ಅಲುಗಲಿಲ್ಲ. ಹತ್ತು ನಿಮಿಷಕ್ಕೆ ಇಳಿದ ಗುಟುಕನ್ನು ಬಾಯಿಗಿಟ್ಟು, "ಥೂ, ಕಷಾಯ!" ಎಂದು ಉಗಿದು, ಅಂಗಡಿಗೆ ಮರಳಿಸಲು ಆ ಗ್ರೈಂಡರಿನ ಡಬ್ಬಿಯನ್ನು ಹುಡುಕಿ ತಂದಳು.

ಸ್ಟೀಲಿನ ಗ್ರೈಂಡರ್ ದಂಗಾಗಿ ಕೂಗಿತು: "ಇಷ್ಟು ನುಣ್ಣಗೆ ಅರೆದ ನನ್ನನ್ನೇ ಬೇಡವೆನ್ನುವುದೇ? ಎಲೈ ಕಾಗದವೇ, ಇದು ನಿನ್ನದೇ ಕುತಂತ್ರ!"

ಕಾಗದ ಹೇಳಿತು: "ಆಕೆ ಕೇಳಿದ್ದು ಒಂದು ಲೋಟ ಕಾಫಿ. ನೀನು ಕೊಟ್ಟದ್ದು ನಿನ್ನ ಜಾಣತನ. ಅದು ಪೂರ್ತಿ ನನ್ನ ಮೇಲೆಯೇ ಉಳಿದಿದೆ, ನೋಡಿಕೊ."