ಲೊಚಗುಟ್ಟಿದ ಗಿಳಿ

ಪುಟ್ಟತಾಯಮ್ಮನ ಪಂಜರದ ಗಿಳಿ ದಿನವಿಡೀ ಮಾತಾಡುತ್ತಿತ್ತು. ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಗೋಡೆಯ ಹಲ್ಲಿ ಅಪರೂಪಕ್ಕೊಮ್ಮೆ ಲೊಚಗುಟ್ಟಿದರೆ ಸಾಕು, ಆಗಷ್ಟೇ ಆಡಿದ ಮಾತು ನಿಜವೆಂದು ಮನೆಮಂದಿಯೆಲ್ಲ ನೆಲ ಕುಟ್ಟಿ "ಕೃಷ್ಣ ಕೃಷ್ಣ" ಎನ್ನುತ್ತಿದ್ದರು.

ಗಿಳಿಗೆ ಹೊಟ್ಟೆ ಉರಿಯಿತು. "ಎಲೈ ಹಲ್ಲಿ, ಒಂದು ಪದವೂ ಬಾರದ ನಿನಗೆ ಇಷ್ಟು ಮರ್ಯಾದೆಯೇ?"

"ನಾನೇನೂ ಹೇಳುವುದಿಲ್ಲವಲ್ಲ. ಹೇಳುವುದೆಲ್ಲ ಅವರೇ," ಎಂದಿತು ಹಲ್ಲಿ.

"ಅಷ್ಟು ನನಗೂ ಬರುತ್ತದೆ," ಎಂದು ಗಿಳಿ ಹಲ್ಲಿಯ ದನಿ ಕಲಿತು, ಹೊಂಚು ಹಾಕಿ ಕುಳಿತಿತು.

ಸಂಜೆ ಹೂ ಕಟ್ಟುತ್ತ ಪುಟ್ಟತಾಯಮ್ಮ ಸೊಸೆಗೆ ಹೇಳಿದಳು: "ಈ ಗಿಳಿಯದು ಬರೀ ಬಾಯಿ ಕಣೆ. ಪಂಜರ ತೆಗೆದು ಹಿತ್ತಲಿಗೆ ಹಾಕಿದರೆ ಮನೆ ತಣ್ಣಗಿರುತ್ತೆ."

ಇನ್ನೊಬ್ಬರ ಮಾತು ಕೇಳಿಸಿಕೊಂಡು ಅಭ್ಯಾಸವಿಲ್ಲದ ಗಿಳಿ, ಅವಳು ಬಾಯಿ ಮುಚ್ಚಿದ್ದೇ ತಡ, ಲೊಚಗುಟ್ಟಿತು.

ಅತ್ತೆ ಸೊಸೆ ಇಬ್ಬರೂ ಭಕ್ತಿಯಿಂದ ನೆಲ ಕುಟ್ಟಿ, ಪಂಜರ ಎತ್ತಿಕೊಂಡು ಹೊರಟರು.