ಗಂಜಿ ಬಿಟ್ಟ ಜಾಗ

ಮಲಪ್ರಭೆಗೆ ಕೆಂಪು ನೀರು ಬಂತೆಂದರೆ ಕೆಳಗಿನ ಊರಿನ ಮಕ್ಕಳಿಗೆ ವಾಂತಿಭೇದಿ ಶುರುವಾಗುತ್ತಿತ್ತು.

ದಂಡೆಯ ಆಶ್ರಮದ ನಿರ್ವಾಣಜ್ಜನವರು ಅದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಮಣ್ಣಿನ ಪುಡಿಗೆ ಅಕ್ಕಿಗಂಜಿ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಬಿಲ್ಲೆ ಮಾಡಿ ಸುಡುತ್ತಿದ್ದರು. ಅದರೊಳಗಿಂದ ಸೋಸಿ ಇಳಿದ ನೀರು ತಿಳಿಯಾಗಿರುತ್ತಿತ್ತು.

“ಈ ಸಲ ನೀನ ಆ ಊರಿಗೆ ಹೋಗಿ ಬಿಲ್ಲಿ ಮಾಡಬೇಕು,” ಎಂದರು ಶಿಷ್ಯ ಈರಭದ್ರನಿಗೆ. “ಮೊದಲ ಇಲ್ಲೊಂದು ಮಾಡಿ ತೋರಸು. ಗಂಜಿ ತೆಳ್ಳಗಿರಲಿ.”

ಹೇಳಿದ ಮಾತು ಕೇಳುವ ಶಿಷ್ಯನಾಗಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಬಿಲ್ಲೆ ಕೈಯಲ್ಲೇ ಒಡೆದರೆ ಎಂದು ಹೆದರಿ ಈರಭದ್ರ ಗಟ್ಟಿ ಗಂಜಿಯನ್ನು ಗಂಟುಗಂಟಾಗಿಯೇ ಸುರಿದ. ಒತ್ತಿದ ಬಿಲ್ಲೆ ನೆಲಕ್ಕೆ ಬಿದ್ದರೂ ಒಡೆಯಲಿಲ್ಲ. ಅವನ ಖುಷಿಗೆ ಪಾರವೇ ಇರಲಿಲ್ಲ.

ಸುಟ್ಟ ಮೇಲೆ ನೀರು ಹೊಯ್ದ. ಕೆಂಪಗೆ ಹೋದದ್ದು ಕೆಂಪಗೇ ಸುರಿಯಿತು.

ಅಜ್ಜ ಬಿಲ್ಲೆ ಮುರಿದು ತೋರಿಸಿದರು. ಒಳಗೆಲ್ಲ ಗಂಜಿಯ ಗಂಟಿನಷ್ಟು ದೊಡ್ಡ ತೂತು.

“ಇಲ್ಲಿ ಏನಿತ್ತು?”

“ಗಂಜಿ ಇತ್ರಿ, ಅಜ್ಜಾರ.”

“ಈಗ ಎಲ್ಲೈತಿ?”

“ಸುಟ್ಟು ಹೋತ್ರಿ.” ಈರಭದ್ರನಿಗೆ ಅಳುವೇ ಬಂತು. “ಹಂಗಾರ ಗಂಜೀನ ಬ್ಯಾಡೇನ್ರಿ?”

ಅಜ್ಜ ಒಣ ಪುಡಿಯನ್ನೇ ಒತ್ತಿ ಅವನ ಅಂಗೈ ಮೇಲಿಟ್ಟರು. ಅದು ಉದುರಿ ಮತ್ತೆ ಪುಡಿಯಾಯಿತು.

ಈರಭದ್ರ ಹೊಸದಾಗಿ ಗಂಜಿ ಕಾಯಿಸಿದ. ತೆಳ್ಳಗೆ ಮಾಡಿ ಅರಿವೆಯಲ್ಲಿ ಸೋಸಿದ. ಪುಡಿಯ ಕಣಕಣಕ್ಕೂ ತಾಗುವಂತೆ ಬೆರೆಸಿ ಒತ್ತಿದ. ಬಿಲ್ಲೆ ನಾಜೂಕಾಗಿತ್ತು. ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಸುಡುವ ಆವಿಗೆಯೊಳಗೆ ಇಟ್ಟುಬಂದ.

ಈ ಸಲ ನೀರು ಹನಿಹನಿಯಾಗಿ ಇಳಿಯಿತು. ತಳದ ಪಾತ್ರೆ ತಿಳಿನೀರಿನಿಂದ ತುಂಬುತ್ತಾ ಬಂತು. ಅಜ್ಜ ಒಂದು ಬೊಗಸೆ ಕುಡಿದು ತಲೆದೂಗಿದರು.

“ನಾಳೆ ಹೊಂಡು.”

ಅರಳಿದ್ದ ಈರಭದ್ರನ ಮುಖ ಬಾಡಿತು.

“ನೀವೂ ಬರ್ರಿ, ಅಜ್ಜಾರ. ಇಷ್ಟು ದಿನ ನೀವು ಹಿಡದಿದ್ದಕ್ಕ ನಿಂತೀನ್ರಿ. ನೀವು ಬಾಜೂಕ ಇಲ್ಲಂದ್ರ ನಾ ಆ ಒಣ ಪುಡಿ ಹಂಗ ಉದರಿ ಹೋಗ್ತೀನ್ರಿ.”

ಅಜ್ಜ ನಕ್ಕರು. ಇನ್ನೂ ಒದ್ದೆಯಾಗಿದ್ದ ಬಿಲ್ಲೆಯನ್ನು ಎತ್ತಿ ಅವನ ಕೈಗಿಟ್ಟರು.

“ಗಂಜಿ ಇನ್ನೂ ಇದರೊಳಗ ಕುಂತಿದ್ರ ನೀರು ಎಲ್ಲಿಂದ ದಾಟತಿತ್ತೋ, ಈರಭದ್ರಾ?”